ಗಂಡನ ಹೆಸರು ಹೇಳದೆ ಹಿಂದಿರುಗಿದವಳ ಓಟು

ಮಾನ್ಯ ಚುನಾವಣಾಧಿಕಾರಿಗಳೇ,

ಸಂಜೆ ಆರು ಗಂಟೆ. ಇವತ್ತು ಕೆಲಸಕ್ಕೆ ಹೋಗಲಿಲ್ಲ. ಬೆಳಗ್ಗೆ ನಿಮ್ಮ ಕಚೇರಿಯ ಜವಾನ ಜೋಗುಪಾಳ್ಯದ ನಮ್ಮ ಮನೆಗೆ ಬಂದು ನಾಳೆಯ ಮುನಿಸಿಪಲ್ ಉಪಚುನಾವಣೆಯ ಚೀಟಿ ಕೊಟ್ಟು ಹೋದ. ಚೀಟಿಯಲ್ಲಿ ನನ್ನ ಹೆಸರಿದೆ. ಐವತ್ತು ದಾಟಿದ ನನಗೆ ಇದು ಮೊದಲನೆಯ ಓಟು. ಹೋದ ಚುನಾವಣೆಯಲ್ಲಿ ಈ ಮನೆಯ ಓಟು ನನ್ನ ಹೆಂಡತಿ ಅಂಜಿನಮ್ಮನದಾಗಿತ್ತು. ಅವಳು ಅದನ್ನು ಹಾಕಲು ಬಂದಳು. ನಿಮ್ಮವರು ಹಿಂದಕ್ಕೆ ಕಳಿಸಿದರು. ಆಮೇಲೆ ನಿಮ್ಮ ಕಚೇರಿ, ಈ ವಾರ್ಡಿನ ಸ್ತ್ರೀಯರಲ್ಲಿ ಮತದಾನದ ಉತ್ಸಾಹವಿಲ್ಲ ಎಂದು ವರದಿ ಬರೆದು ಪತ್ರಿಕೆಗೂ ಕೊಟ್ಟಿತು. ನನ್ನ ದೂರು ಆ ಮಾತಿನ ಮೇಲೆ.

ಆಗ ಆ ಕುರ್ಚಿಯಲ್ಲಿ ಇದ್ದವರು ನೀವೋ ಬೇರೆಯವರೋ ನನಗೆ ತಿಳಿಯದು. ಆಗ ಬೆಂಗಳೂರಿನ ದಂಡು ಪ್ರದೇಶ ಇಂಗ್ಲಿಷರ ಕೈಯಲ್ಲಿತ್ತು, ಹೋದ ವರ್ಷ ಮೈಸೂರಿಗೆ ಸೇರಿತು. ಕಂಬದ ಮೇಲಿನ ಬಾವುಟ ಬದಲಾಯಿತು. ಕುರ್ಚಿ ಅದೇ ಇರಬೇಕು. ನಾನು ಬರೆಯುತ್ತಿರುವುದು ಕುರ್ಚಿಗೆ.

ನಾನು ಲೋವರ್ ಸೆಕೆಂಡರಿವರೆಗೆ ಓದಿದವನು. ಕಮರ್ಷಿಯಲ್ ಸ್ಟ್ರೀಟಿನ ಒಂದು ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಸ್ವಂತ ಮನೆಯಿದ್ದು ಕಂದಾಯ ಕಟ್ಟುವವರಿಗೆ ಮಾತ್ರ ಓಟು ಎಂಬುದು ನಿಮ್ಮ ಕಾನೂನು. ನಾವಿರುವ ಮನೆಯನ್ನು ಬೈಯಪ್ಪನಹಳ್ಳಿಯ ನಮ್ಮ ಮಾವ ದೊಡ್ಡಮುನಿಯಪ್ಪನವರು ಹೊಲ ಮಾರಿ ಮಗಳ ಹೆಸರಿಗೆ ಕೊಂಡುಕೊಟ್ಟರು. ಹೀಗಾಗಿ ಓದಿದ ನನಗೆ ಓಟಿರಲಿಲ್ಲ, ಓದದ ಅವಳಿಗೆ ಇತ್ತು. ಬೀದಿಯಲ್ಲಿ ನನ್ನನ್ನು ಬೇಕಾದಷ್ಟು ಗೇಲಿ ಮಾಡಿದರು. 'ಏನ್ ಶ್ರೀರಾಮಪ್ಪ, ಯಜಮಾನ್ರು ಯಾರಿಗ್ ಹಾಕ್ತಾರಂತೆ?' ಎಂದು ಮೂಲೆ ಮನೆಯ ಚಿಕ್ಕಮುನಿಯಪ್ಪ ದಿನವೂ ಕೇಳುತ್ತಿದ್ದ. 'ಕೇಳ್ಬಿಟ್ ಹೇಳ್ತೀನಿ ಕಣಯ್ಯ' ಎನ್ನುತ್ತಿದ್ದೆ. ಒಳಗಿನಿಂದ ಅವಳು ನಗುವುದು ಕೇಳಿಸುತ್ತಿತ್ತು.

ಉತ್ಸಾಹವಿರಲಿಲ್ಲ ಎಂದಿರಲ್ಲ, ಆ ದಿನ ಅವಳು ಏನು ಮಾಡಿದಳು ಎಂದು ಹೇಳುತ್ತೇನೆ. ಬೆಳಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡಳು. ಮದುವೆಯ ಸೀರೆ ಉಟ್ಟಳು. ಮುದ್ದೆ ಬೇಗ ಮಾಡಿಟ್ಟು, ಪಕ್ಕದ ಮನೆಯ ಶಂಶುನ್ನೀಸಾ ಬೀಯನ್ನು ಕರೆದಳು. ಆಕೆ ಗಂಡನನ್ನು ಕಳೆದುಕೊಂಡವರು, ಮನೆ ಅವರ ಹೆಸರಿಗೆ ಬಂದಿತ್ತು, ಓಟೂ ಬಂದಿತ್ತು. ಇಬ್ಬರೂ ಹಲಸೂರಿನ ಶಾಲೆಯವರೆಗೆ ನಡೆದು ಹೋದರು. ನಾನು ಹಿಂದೆ ಹಿಂದೆ ಹೋದೆ. ಶಾಲೆಯ ಮುಂದೆ ಹಗ್ಗ ಕಟ್ಟಿದ್ದರು. ಓಟಿಲ್ಲದವರು ಹಗ್ಗದ ಆಚೆ ನಿಲ್ಲಬೇಕು. ನಿಂತೆ. ಮೇಜು ವರಾಂಡದಲ್ಲೇ ಇತ್ತು, ಎಲ್ಲ ಕೇಳಿಸುತ್ತಿತ್ತು.

'ಹೆಸರು?'

'ಅಂಜಿನಮ್ಮ.'

'ಗಂಡನ ಹೆಸರು?'

ಅವಳು ಹಿಂದಿರುಗಿ ನನ್ನ ಕಡೆ ನೋಡಿದಳು.

'ಗಂಡನ ಹೆಸ್ರು ಹೇಳಮ್ಮ, ಹಿಂದೆ ಜನ ಅವ್ರೆ.'

'ಅದ್ ಹೆಂಗ್ ಹೇಳಾದು ಸ್ವಾಮಿ?'

'ಬಾಯಿಂದ ಹೇಳು.'

ಸಾಲಿನಲ್ಲಿದ್ದ ಗಂಡಸರು ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ನನ್ನ ಕಡೆ ಕೈ ತೋರಿಸಿದಳು. 'ಅಗೋ, ಹಗ್ಗದ್ ಹಿಂದ್ಗಡೆ ಕರಿ ಟೋಪಿ ಹಾಕ್ಕೊಂಡ್ ನಿಂತವ್ರಲ್ಲ, ಅವ್ರೇಯ.'

'ಕರಿ ಟೋಪಿ ಅಂತ ಬರ್ಕೊಳ್ಳಾ?'

ನಾನು ಕೂಗಿದೆ. 'ಸ್ವಾಮೀ, ನಾನೇ ಅವಳ ಗಂಡ. ಶ್ರೀರಾಮಪ್ಪ!' ಮೇಜಿನ ಅಧಿಕಾರಿ ತಲೆಯೆತ್ತಿ, 'ನಿಮಗೆ ಓಟಿದೆಯೇನ್ರೀ?' ಎಂದರು. ಇಲ್ಲ ಎಂದೆ. 'ಹಾಗಾದ್ರೆ ನೀವು ಮಾತಾಡೋ ಹಾಗಿಲ್ಲ. ಹೇಳ್ಕೊಟ್ಟ ಉತ್ತರ ನಡೆಯಲ್ಲ' ಎಂದರು. ಪೊಲೀಸಿನವನು ನನ್ನ ಎದೆಗೆ ಲಾಠಿ ಅಡ್ಡ ಹಿಡಿದ. ಅಂಜಿನಮ್ಮನ ಚೀಟಿಯನ್ನು ಹಿಂದಕ್ಕೆ ಕೊಟ್ಟರು.

ಅವಳ ಹಿಂದೆ ಇದ್ದವರು ಶಂಶುನ್ನೀಸಾ ಬೀ. ಅವರನ್ನೂ ಗಂಡನ ಹೆಸರು ಕೇಳಿದರು. ಬುರ್ಖಾದೊಳಗಿಂದ, 'ಅಕ್ತರ್ ಕೆ ಅಬ್ಬಾ' ಎಂದರು. ಅಕ್ತರ್ ಅವರ ಮಗ, ಅವನ ಅಪ್ಪ ಎಂದರ್ಥ. 'ಮಗನ ಹೆಸರು ಯಾರಮ್ಮ ಕೇಳಿದ್ದು?' ಎಂದು ಅಧಿಕಾರಿ ರೇಗಿದರು. ಅವರ ಚೀಟಿಯೂ ವಾಪಸ್ಸಾಯಿತು. ಅವರ ಹಿಂದಿದ್ದ ಇನ್ನಷ್ಟು ಹೆಂಗಸರು ಇದನ್ನೆಲ್ಲ ನೋಡಿ, ತಮ್ಮ ಸರದಿ ಬರುವ ಮೊದಲೇ ಸಾಲು ಬಿಟ್ಟರು.

ಮಾನ್ಯರೇ, ಆ ಪ್ರಶ್ನೆ ಏಕೆಂದು ನನಗೆ ಗೊತ್ತು. ಒಬ್ಬರ ಓಟನ್ನು ಇನ್ನೊಬ್ಬರು ಹಾಕಬಾರದು. ಒಳ್ಳೆಯದೇ. ಆದರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಈ ಊರಿನಲ್ಲಿ ಇದ್ದಾರೆ ಎಂಬುದು ನಿಮಗೆ ಗೊತ್ತಿರಲಿಲ್ಲವೆ? ನಿಮ್ಮ ಮನೆಯಲ್ಲಿ ತಾಯಿಯವರು ಇರಲಿಲ್ಲವೆ? ಅವರು ನಿಮ್ಮ ತಂದೆಯವರನ್ನು ಹೆಸರು ಹಿಡಿದು ಕರೆದದ್ದನ್ನು ಎಂದಾದರೂ ಕೇಳಿದ್ದೀರಾ? ಕಳ್ಳ ಓಟು ಹಾಕಲು ಬರುವವಳು ಆ ಹೆಸರನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಾಳೆ. ತಡವರಿಸುವವಳು ನಿಜವಾದ ಹೆಂಡತಿ. ನಿಮ್ಮ ಜರಡಿಯಲ್ಲಿ ಕಾಳು ಕೆಳಗೆ ಬಿತ್ತು, ಕಲ್ಲು ಮೇಲೆ ಉಳಿಯಿತು.

ದಾರಿಯಲ್ಲಿ ಶಂಶುನ್ನೀಸಾ ಬೀ, 'ಅಂಜಿನಮ್ಮಾ, ನಿನ್ ಗಂಡ ನನ್ ಗಂಡ ಇಬ್ರೂ ಇವತ್ತು ಹೆಸರಿಲ್ದೋರ್ ಆಗೋದ್ರು ನೋಡು' ಎಂದು ನಗಿಸಲು ನೋಡಿದರು. ಅವಳು ನಗಲಿಲ್ಲ. ಮನೆಗೆ ಬಂದ ಮೇಲೆ ನಾನು, 'ಒಂದ್ಸಲ ಹೇಳಿದ್ರೆ ಏನಾಗ್ತಿತ್ತೇ?' ಎಂದೆ. 'ನಿಮ್ ಆಯಸ್ಸು ಕಮ್ಮಿ ಆಗ್ತಿತ್ತು' ಎಂದಳು. ಸೀರೆ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ಆ ಚುನಾವಣೆಯಲ್ಲಿ ಓಟು ಹಾಕಿದವರು ನೂರಕ್ಕೆ ಇಪ್ಪತ್ತರಷ್ಟೂ ಇರಲಿಲ್ಲ ಎಂದು ನಿಮ್ಮ ವರದಿಯೇ ಹೇಳುತ್ತದೆ. ಮೂವರು ನಿಂತಿದ್ದರು. ಆ ಇಪ್ಪತ್ತನ್ನು ಮೂವರು ಹಂಚಿಕೊಂಡು, ಹೆಚ್ಚು ಬಂದವರು ಗೆದ್ದರು. ಹಾರ ಹಾಕಿದರು, ಪಟಾಕಿ ಹೊಡೆದರು. ಅಂದಿನಿಂದ ಅವರು ನಮ್ಮೆಲ್ಲರ ಪ್ರತಿನಿಧಿ. ಸಭೆಯಲ್ಲಿ ಎದ್ದು ನಿಂತಾಗಲೆಲ್ಲ 'ನನ್ನ ವಾರ್ಡಿನ ಜನರ ಪರವಾಗಿ' ಎಂದೇ ಮಾತು ಶುರು ಮಾಡುತ್ತಿದ್ದರಂತೆ. ಯಾವ ಜನ? ಬೇಸಿಗೆಯಲ್ಲಿ ಬೀದಿಯ ನಲ್ಲಿಯಲ್ಲಿ ನೀರು ನಿಂತುಹೋದಾಗ ಅಂಜಿನಮ್ಮ ಬೀದಿಯ ಹೆಂಗಸರ ಜೊತೆ ಅವರ ಮನೆಗೆ ಹೋಗಿದ್ದಳು. ಬಾಗಿಲಲ್ಲಿದ್ದವನು, 'ಓಟ್ ಹಾಕಿದ್ಯೇನಮ್ಮ? ಈಗ್ ಬಂದ್ಬಿಟ್ರು ನೀರ್ ಕೇಳ್ಕೊಂಡು' ಎಂದನಂತೆ. ಅವಳು ಬಿಂದಿಗೆ ಎತ್ತಿಕೊಂಡು ಬಂದಳು. ನನ್ನ ಸಂಕಟ ಇದು. ಬೇಡವೆಂದು ಮನೆಯಲ್ಲಿ ಕುಳಿತವರು, ಬಂದು ಹಿಂದಕ್ಕೆ ಹೋದವರು, ಇಬ್ಬರೂ ನಿಮ್ಮ ಲೆಕ್ಕದಲ್ಲಿ ಒಂದೇ. ಬಾಗಿಲು ಹಾಕಿದವರು ನೀವು, ಬರಲಿಲ್ಲ ಎಂಬ ಹೆಸರು ಅವರಿಗೆ. ಅಂಥ ಇಪ್ಪತ್ತರ ಮೇಲೆ ನಿಂತ ಆಡಳಿತ ಕಾನೂನಿಗೆ ಸರಿಯಿರಬಹುದು. ಅದನ್ನು ನಮ್ಮದು ಎಂದು ನಮ್ಮ ಬೀದಿಯ ಹೆಂಗಸರು ಯಾವ ಬಾಯಿಂದ ಹೇಳಬೇಕು?

ಹೋದ ಆಷಾಢದಲ್ಲಿ ಅವಳಿಗೆ ಜ್ವರ ಬಂತು. ನಮ್ಮ ಬೀದಿಗೆ ಹಿರಿಯಳಾದ ಮಾರಕ್ಕ ತಲೆದೆಸೆಯಲ್ಲಿ ಕುಳಿತು, 'ರಾಮಾ ಅನ್ನವ್ವ, ಒಂದ್ಸಲ ಅನ್ನು' ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಅಂಜಿನಮ್ಮ ಆಗದೆಂದು ತಲೆ ಆಡಿಸಿದಳು. ನನ್ನ ಹೆಸರಿನಲ್ಲಿರುವ ದೇವರನ್ನು ಅವಳು ಎಂದೂ ಹೆಸರು ಹಿಡಿದು ಕರೆದವಳಲ್ಲ. ಭಜನೆಯಲ್ಲಿ ಆ ಹೆಸರು ಬಂದಾಗ ತುಟಿ ಮುಚ್ಚುತ್ತಿದ್ದಳು. ರಾಮನವಮಿಯನ್ನು ಪಾನಕದ ಹಬ್ಬ ಎನ್ನುತ್ತಿದ್ದಳು. ಮಾರಕ್ಕ, 'ದೇವ್ರು ಕಣೇ ಅದು, ನಿನ್ ಗಂಡ ಅಲ್ಲ' ಎಂದಳು. ಅವಳು ನನ್ನ ಕಡೆ ನೋಡಿದಳು. ಹೇಳಲಿಲ್ಲ. ನಾನು ಇದ್ದೇನೆ, ಅವಳಿಲ್ಲ.

ಆಮೇಲೆ ಮನೆ ನನ್ನ ಹೆಸರಿಗೆ ಬಂತು. ಮನೆಯ ಜೊತೆಗೆ ಓಟೂ ಬಂತು. ಗೆದ್ದವರು ಇನ್ನೂ ದೊಡ್ಡ ಜಾಗ ಸಿಕ್ಕಿತೆಂದು ರಾಜೀನಾಮೆ ಕೊಟ್ಟಿದ್ದಾರೆ. ಅದಕ್ಕೇ ನಾಳೆಯ ಚುನಾವಣೆ. ಆ ಪ್ರಶ್ನೆಯನ್ನು ಬಿಡಿ ಎಂದು ನಿಮ್ಮ ಕಚೇರಿಗೆ ಎರಡು ಸಲ ಹೋಗಿ ಕೇಳಿದೆ. 'ನಿಯಮ ಇರೋದೇ ಹಾಗೆ, ನಿಮಗೇನ್ರೀ ಕಷ್ಟ? ನಿಮ್ಮನ್ನ ಕೇಳೋದು ತಂದೆ ಹೆಸರು, ಹೇಳ್ಬಿಡಿ' ಎಂದರು ಅಲ್ಲಿನ ಗುಮಾಸ್ತರು. ನಿಜ. ನನಗೆ ಏನೂ ಕಷ್ಟವಿಲ್ಲ.

ಪತ್ರಿಕೆಯವರು ಈ ಕಾಗದವನ್ನು ಭಾನುವಾರ ಹಾಕುತ್ತೇವೆ ಎಂದಿದ್ದಾರೆ. ಅಷ್ಟರಲ್ಲಿ ನಾಳೆ ಕಳೆದಿರುತ್ತದೆ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ವಯಸ್ಸಿಗೆ ಬಂದ ಎಲ್ಲರಿಗೂ, ಮನೆಯಿಲ್ಲದವರಿಗೂ, ದೇಶದಲ್ಲೆಲ್ಲ ಓಟು ಬರುತ್ತದೆ ಎಂದು ಕೇಳುತ್ತಿದ್ದೇವೆ. ಆಗ ಅಂಜಿನಮ್ಮನಂಥವರು ಒಂದು ಬೀದಿಯಲ್ಲಿ ಇಬ್ಬರು ಮಾತ್ರವಲ್ಲ, ಊರೂರಿನಲ್ಲಿ ಇರುತ್ತಾರೆ. ಅವರನ್ನೆಲ್ಲ ಹಿಂದಕ್ಕೆ ಕಳಿಸಿ, ಉತ್ಸಾಹವಿಲ್ಲ ಎಂದು ಬರೆಯುತ್ತೀರಾ? ಹೆಂಗಸರ ಮೇಜಿಗೆ ಆ ಬೀದಿಯನ್ನು ಬಲ್ಲ ಒಬ್ಬ ಹೆಂಗಸನ್ನು ಕೂರಿಸಿ. ಇವಳು ಇಂಥವಳು ಎಂದು ಅವಳು ಹೇಳಲಿ. ಅಷ್ಟು ಸಾಕು. ಅದೂ ಆಗದಿದ್ದರೆ ಇನ್ನೊಂದು ಕೇಳುತ್ತೇನೆ. ನಿಮ್ಮ ಹಳೆಯ ವರದಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, 'ಬಂದಿದ್ದರು' ಎಂದು ಬರೆಯಿರಿ.

ಸ್ವಲ್ಪ ಹೊತ್ತಿನ ಮುಂಚೆ ಶಂಶುನ್ನೀಸಾ ಬೀ ಗೋಡೆಯ ಆಚೆಯಿಂದ, 'ಭಾಯಿ, ಈ ಸಲ ಏನ್ ಹೇಳ್ಲಿ?' ಎಂದು ಕೇಳಿದರು. ಲೇಖನಿ ಕೆಳಗಿಟ್ಟು ಗೋಡೆಯ ಹತ್ತಿರ ಹೋದೆ. 'ಹೋಗ್ಲಿ ಬಿಡಿ, ಅಕ್ತರ್ ಕೆ ಅಬ್ಬಾ ಅಂತಾನೇ ಅಂತೀನಿ. ಅವ್ರ್ ಕಳ್ಸಿದ್ರೆ ವಾಪಸ್ ಬರ್ತೀನಿ' ಎಂದರು.

ನಾಳೆ ಬೆಳಗ್ಗೆ ಎಂಟಕ್ಕೆ ಶಾಲೆಯ ಬಾಗಿಲು ತೆರೆಯುತ್ತದೆ. ನಾನೂ ಅವರೂ ಜೊತೆಗೇ ಹೋಗುತ್ತೇವೆ. ಹಗ್ಗದ ಒಳಗೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ.

ಇಂತಿ,
ಹೆಂಡತಿ ತೀರಿಹೋದದ್ದರಿಂದ ಮತದಾರನಾದ
ಶ್ರೀರಾಮಪ್ಪ
ಜೋಗುಪಾಳ್ಯ, ೧೯೪೮