ದೋಣಿಯ ಮುಂದಿನ ಜಾಗ

ಬಂಟ್ವಾಳ, ೧೪ ಅಕ್ಟೋಬರ್ ೧೯೫೭, ಸೋಮವಾರ

ಎಂದಿನಂತೆ ಶಾಲೆಗೆ ಮೊದಲು ನದಿ. ಮರಳ ಮೇಲೆ ದೋಣಿ ನೂಕಿಕೊಂಡು ಓಡುವುದು, ನೀರು ಮುಟ್ಟಿದ ಕೂಡಲೇ ಒಳಗೆ ಹಾರುವುದು. ಸ್ಪರ್ಧೆ ಶುರುವಾಗುವುದೇ ಹೀಗೆ, ಅದಕ್ಕೆ ಇಷ್ಟನ್ನೇ ಮತ್ತೆ ಮತ್ತೆ. ಇವತ್ತೂ ನಾನು ಹಾರುವಾಗ ತಡವಾಯಿತು. ಹನೀಫಾ ದೋಣಿಯನ್ನು ಮತ್ತೆ ಮರಳಿಗೆ ಎಳೆದ. ಬೈದಿದ್ದರೆ ಚೆನ್ನಾಗಿತ್ತು.

ಅವನು ಹಿಂದೆ ಕೂತು ಹುಟ್ಟು ಹಾಕಿ ದೋಣಿ ತಿರುಗಿಸುವವ. ನಾನು ಮುಂದೆ. ಬಿದಿರ ಗಳ ಹಿಡಿದು, ಕಲ್ಲು ನೋಡಿ, ‘ಎಡ’, ‘ಬಲ’ ಎಂದು ಕೂಗುವವ. ಮೂರು ವರ್ಷದಿಂದ ಹೀಗೆ. ಇಬ್ಬರ ದೋಣಿ ಓಟದಲ್ಲಿ ಎರಡು ಸಲ ಫಸ್ಟ್. ಈ ಸಲದ್ದು ನವೆಂಬರ್ ಮೂರಕ್ಕೆ, ಜಕ್ರಿಬೆಟ್ಟಿನಿಂದ ಪಾಣೆಮಂಗಳೂರು ಸೇತುವೆಗೆ. ಕಾಸರಗೋಡಿನವರೂ ಬರುತ್ತಾರಂತೆ. ಹೋದ ವರ್ಷದವರೆಗೆ ನಮ್ಮದೇ ಜಿಲ್ಲೆಯವರು, ಈಗ ಬೇರೆ ರಾಜ್ಯದವರು!

“ನಮ್ಮ ಓಟ ಇಂಟರ್‌ನ್ಯಾಷನಲ್ ಆಯ್ತು ಮಾರಾಯ,” ಎಂದು ಹನೀಫಾ ನಕ್ಕ.

ನಾಳೆಯಿಂದ ಬೆಳ್ತಂಗಡಿಯಲ್ಲಿ ನಮ್ಮ ಶಾಲಾ ಮಾಸ್ತರರ ಕ್ಯಾಂಪು, ನಾನೂ ಹೋಗಬೇಕು. ಪ್ರಾಕ್ಟೀಸು ತಪ್ಪುತ್ತದೆ.

೨೧ ಅಕ್ಟೋಬರ್

ಬಸ್ಸಿಳಿದು ಚೀಲ ಸಮೇತ ನದಿಗೇ ಹೋದೆ. ನನ್ನ ಜಾಗದಲ್ಲಿ ಒಬ್ಬ ಕೂತಿದ್ದ.

ಸುಧಾಕರ. ಮೂಡುಬಿದಿರೆಯವ. ಮಂಗಳೂರಿನ ಕಾಲೇಜಿನಲ್ಲಿ ಓಟಗಾರನಾಗಿದ್ದನಂತೆ. ಈಗ ಇಲ್ಲಿ ಮಾವನ ಬಟ್ಟೆ ಅಂಗಡಿಯಲ್ಲಿದ್ದಾನೆ. ಓಡಿದರೆ ಕಾಲು ಮರಳಿಗೆ ತಾಗುವುದೇ ಕಾಣುವುದಿಲ್ಲ.

ಹನೀಫಾ ನನ್ನನ್ನು ಬದಿಗೆ ಕರೆದ. “ಸುತ್ತುಬಳಸಿ ಹೇಳುವುದಿಲ್ಲ ರಮಾನಾಥ. ಕಾಸರಗೋಡಿನವರು ಮರಳಲ್ಲೇ ಮುಂದೆ ಹೋಗ್ತಾರೆ. ಈ ಸಲ ಅವನಿರಲಿ.”

“ಮತ್ತೆ ನಾನು?”

“ನೀನು ಇದ್ದೀಯಲ್ಲ. ಎಲ್ಲಿಗೆ ಹೋಗ್ತಿ?”

ಎಲ್ಲಿಗೆ ಹೋಗುವುದು… ಅದನ್ನೇ ಕೇಳಿಕೊಂಡು ಮನೆಗೆ ಬಂದೆ.

೨೪ ಅಕ್ಟೋಬರ್

ನೋಡಬಾರದು ಎಂದುಕೊಂಡೇ ದಡಕ್ಕೆ ಹೋದೆ. ಹನೀಫಾನ ತಾಯಿ ಖದೀಜ ಎಂದಿನಂತೆ ಬೆಲ್ಲದ ಚಾ ತಂದಿದ್ದರು. ಮೊದಲ ಲೋಟ ಸುಧಾಕರನಿಗೆ. ನನಗೆ ಆಮೇಲೆ. “ನೀನೂ ಕುಡಿ ಮಗ,” ಎಂದರು. ನೀನೂ! ಒಂದು ‘ಊ’ ಇಷ್ಟು ಚುಚ್ಚುತ್ತದೆಂದು ಗೊತ್ತಿರಲಿಲ್ಲ.

ಅವನು ಏನೋ ಹೇಳಿದ. ಹನೀಫಾ ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಯಾವ ಮಾತಿಗೂ ಹಾಗೆ ನಕ್ಕವನಲ್ಲ.

೨೯ ಅಕ್ಟೋಬರ್, ಬೆಳಿಗ್ಗೆ

ನಿನ್ನೆ ಸಂಜೆ ಗುಡುಗು, ದೊಡ್ಡ ಮಳೆ. ನೀರು ಕೆಂಪಾಗಿದೆ. ಸ್ನಾನಕ್ಕೆ ಇಳಿದಾಗ ಸೇತುವೆಯ ಹತ್ತಿರದ ತಿರುವಿನಲ್ಲಿ ಕಾಲಿಗೆ ಏನೋ ಬಡಿಯಿತು. ಒಂದು ಇಡೀ ಮರ. ನೆರೆಗೆ ಬಂದು ಕಲ್ಲುಗಳ ನಡುವೆ ಸಿಕ್ಕಿಕೊಂಡಿದೆ. ನೀರಿನಿಂದ ಒಂದು ಗೇಣು ಕೆಳಗೆ. ಮೇಲಿನಿಂದ ಏನೂ ಕಾಣುವುದಿಲ್ಲ. ದೋಣಿ ಬರುವುದು ಅದೇ ದಾರಿಯಲ್ಲಿ.

ಹನೀಫಾನಿಗೆ ಹೇಳಬೇಕೆಂದು ಹೊರಟೆ. ಸುಧಾಕರನ ಹೆಗಲ ಮೇಲೆ ಕೈ ಹಾಕಿಕೊಂಡು ಎದುರು ಬಂದ. ನಾಳೆ ಹೇಳಿದರಾಯಿತು.

೨ ನವೆಂಬರ್, ಶನಿವಾರ

ಹೇಳಿಲ್ಲ.

ನೀರಿನ ಸೆಳೆತ ಇಳಿಯಲೆಂದು ಅವರು ಇಷ್ಟು ದಿನ ಮರಳಿನಲ್ಲೇ ಪ್ರಾಕ್ಟೀಸು ಮಾಡಿದರು. ಇವತ್ತು ಹನೀಫಾ ಮನೆಗೇ ಬಂದ. “ನನಗೆ ದೋಣಿಗೆ ಎಣ್ಣೆ ಹಚ್ಚಲಿಕ್ಕುಂಟು. ಸುಧಾಕರನನ್ನು ಬೇರೆ ದೋಣಿಯಲ್ಲಿ ಕರ್ಕೊಂಡು ಹೋಗಿ ಕಲ್ಲು ಎಲ್ಲ ತೋರಿಸು. ನಿನ್ನಷ್ಟು ಯಾರಿಗೆ ಗೊತ್ತುಂಟು?”

ನನ್ನ ಜಾಗ ಕಿತ್ತುಕೊಂಡವನಿಗೆ ನಾನೇ ಪಾಠ ಹೇಳಬೇಕು. ಹೇಳಿದೆ. ಒಂದೊಂದೇ ಕಲ್ಲು ತೋರಿಸಿದೆ. ತಿರುವು ಬಂತು. ಕೆಂಪು ನೀರಿನಲ್ಲಿ ಮರ ಇನ್ನೂ ಕಾಣುತ್ತಿರಲಿಲ್ಲ. ಬಾಯಿ ತೆರೆಯಲಿಲ್ಲ. ದೋಣಿಯನ್ನು ಆಚೆ ಬದಿಗೆ ತಿರುಗಿಸಿ ದಾಟಿಸಿದೆ.

“ನಿಮ್ಮನ್ನು ಬಿಟ್ಟು ನನ್ನನ್ನು ಹಾಕಿದ್ದು ಸರಿಯಲ್ಲ ರಮಾನಾಥಣ್ಣ,” ಎಂದ ಅವನು.

ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು.

ದೋಣಿ ಮಗುಚಿದರೆ ಒದ್ದೆಯಾಗುತ್ತಾರೆ, ಅಷ್ಟೇ. ಅಷ್ಟೇನಾ? ಆ ವೇಗದಲ್ಲಿ ಮುಂದೆ ಕೂತವನು…

೩ ನವೆಂಬರ್, ಸಂಜೆ

ಭುಜ ಊದಿದೆ. ಆದರೂ ಬರೆಯಬೇಕು.

ಬೆಳಿಗ್ಗೆ ಹೇಳಲು ಹೋದೆ. ಸುಧಾಕರನಿಗೆ ಯಾರೋ ಹಾರ ಹಾಕುತ್ತಿದ್ದರು. ತಿರುಗಿ ಬಂದೆ. ಜನರೆಲ್ಲ ಸೇತುವೆಯ ಮೇಲೆ, ನಾನೊಬ್ಬ ತಿರುವಿನ ದಡದಲ್ಲಿ. ಎರಡು ದೋಣಿ ಒಟ್ಟಿಗೇ ಬಂದವು. ನಮ್ಮದು ಒಂದು ಮೊಳ ಮುಂದೆ, ಮರದ ನೇರಕ್ಕೆ. ಸುಧಾಕರ ಮುಂದಕ್ಕೆ ಬಾಗಿದ್ದ. ಆ ಮುಖಕ್ಕೆ ಮೀಸೆಯೂ ಸರಿಯಾಗಿ ಬಂದಿಲ್ಲ.

ಕೂಗಿದೆ. ಜನರ ಗದ್ದಲದಲ್ಲಿ ಯಾರಿಗೆ ಕೇಳಬೇಕು? ನೀರಿಗೆ ಹಾರಿ ಆ ಮರದ ಮೇಲೆಯೇ ನಿಂತು ಮೈ ಒರೆಸುವ ಬೈರಾಸು ಬೀಸಿದೆ.

“ಎಡ! ಎಡ!” ಎಂದು ಸುಧಾಕರ ಕಿರುಚಿದ. ದೋಣಿ ಹೊರಳಿತು. ಅವನ ಗಳ ನನ್ನ ಭುಜಕ್ಕೆ ಬಡಿದು ಹೋಯಿತು.

ಕಾಸರಗೋಡಿನವರು ಗೆದ್ದರು.

ಆಮೇಲೆ ಹನೀಫಾ ಹತ್ತಿರ ಬಂದು ಕೇಳಿದ, “ಮರ ಯಾವಾಗ ಕಂಡದ್ದು?”

“ಈಗ. ಈಗಲೇ.”

“ಈಗಲಾ?”

ಸುಧಾಕರ ತಲೆ ತಗ್ಗಿಸಿ ಉಟ್ಟ ಮುಂಡಿನ ಅಂಚು ಹಿಂಡುತ್ತಿದ್ದ.

೧೦ ನವೆಂಬರ್

ತಡೆಯಲಾಗಲಿಲ್ಲ. ಹನೀಫಾನ ಮನೆಗೆ ಹೋಗಿ ಹೇಳಿಬಿಟ್ಟೆ. ಮಳೆಯ ಮರುದಿನವೇ ಗೊತ್ತಿತ್ತು ಎಂದು.

ಅವನು ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟ. “ಹಾರಿದ್ದು ಯಾಕೆ ಮತ್ತೆ?”

“ಹೆದರಿಕೆ ಆಯ್ತು.”

“ಅವನು ಸಾಯ್ತಾನೆ ಅಂತಲಾ, ನೀನು ಸಿಕ್ಕಿಬೀಳ್ತಿ ಅಂತಲಾ?”

ನಾನು ಚಾಪೆಯ ಕಡ್ಡಿ ಕೀಳುತ್ತಾ ಕೂತೆ. ಹನೀಫಾ ಎದ್ದು ನಿಂತ. “ಬರುವ ವರ್ಷವೂ ಅವನೇ. ಆದರೆ ಈಗ ಕಾರಣ ನಿನ್ನ ಓಟ ಅಲ್ಲ.”

೧೧ ನವೆಂಬರ್

ಬೆಳಿಗ್ಗೆ ಕಾಲು ತಾನಾಗಿ ನದಿಗೆ ಹೋಯಿತು. ಸುಧಾಕರ ಒಬ್ಬನೇ ಇದ್ದ. “ಬನ್ನಿ ರಮಾನಾಥಣ್ಣ, ಹನೀಫಾ ಬರುವವರೆಗೆ ಒಮ್ಮೆ ನೂಕುವ.”

ಇಬ್ಬರೂ ನೂಕಿಕೊಂಡು ಓಡಿದೆವು. ಅವನು ಮುಂದೆ ಹಾರಿ ಕೂತ. ನಾನು ಹಿಂದೆ. ಇಷ್ಟಾದ ಮೇಲೂ ಆ ಓಟ ಕಂಡು ಅದೇ ಹೊಟ್ಟೆಕಿಚ್ಚು. ಆದರೂ ಹೇಳಲೇಬೇಕು ಎನಿಸಿತು.

“ಸುಧಾಕರ, ಆ ಮರ…”

“ಗೊತ್ತುಂಟು.” ಅವನು ತಿರುಗಲಿಲ್ಲ. “ಓಟದ ಹಿಂದಿನ ದಿನ ನೀವು ಅಲ್ಲಿ ಸುಮ್ಮನೆ ದೋಣಿ ತಿರುಗಿಸಿದ್ದು ನೋಡಿದ್ದೆ. ಯಾಕೆ ಅಂತ ಆಮೇಲೆ ತಿಳಿಯಿತು.”

“ಹನೀಫಾನಿಗೆ ಹೇಳಲಿಲ್ಲವಾ?”

“ಯಾಕೆ ಹೇಳಬೇಕು? ಹಾರಿದಿರಲ್ಲ.”

ಅವನು ಬೈದಿದ್ದರೆ, ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದೆ. ಇದರಲ್ಲಿಯೂ ಅವನೇ ಮುಂದೆ. ಇದನ್ನು ನಾನು ಹೇಗೆ ತಾಳಿಕೊಳ್ಳಲಿ?