ಕಬ್ಬಿನ ಟ್ರ್ಯಾಕ್ಟರ್ ಹಿಂದೆ

ಗಾದಿಲಿಂಗಣ್ಣ,

ಇವತ್ತು ಅವ್ವ ನನ್ನ ಕಾರು ಹತ್ತಿದಳು. ನೀನು ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಅವಳು ಸರ್ಕಾರಿ ಬಸ್ಸು ಬಿಟ್ಟು ಬೇರೆ ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಹೊಸಪೇಟೆಯ ಕಣ್ಣಿನ ಡಾಕ್ಟರ ಬಳಿ ಹೋಗಬೇಕಿತ್ತು. ಕಂಪ್ಲಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗುವ ಶಕ್ತಿ ಈಗ ಅವಳಿಗಿಲ್ಲ.

"ಜಲ್ದಿ ಹೊಡಿಬ್ಯಾಡವ್ವ" ಎಂದು ಕೂರುವ ಮೊದಲೇ ಮಾತು ತೆಗೆದುಕೊಂಡಳು. ಬೋರ್ಡಿನಲ್ಲಿ ಅರವತ್ತು ಎಂದಿದ್ದ ಕಡೆಯೂ ನಾನು ಐವತ್ತು ದಾಟಲಿಲ್ಲ.

ಕಮಲಾಪುರಕ್ಕೆ ಮುಂಚೆ, ನೀನು ಬಿದ್ದ ಆ ತಿರುವಿನಲ್ಲೇ, ಕಬ್ಬು ತುಂಬಿದ ಟ್ರ್ಯಾಕ್ಟರ್ ನಮ್ಮ ಮುಂದೆ ಹೋಗುತ್ತಿತ್ತು. ಅವತ್ತು ನೀನು ಹಿಂದೆ ಹಾಕಲು ಹೋಗಿದ್ದು ಅಂಥದ್ದನ್ನೇ. ಆಚೆಯಿಂದ ಏನು ಬರುತ್ತಿದೆಯೋ ಕಾಣುತ್ತಿರಲಿಲ್ಲ. ಅವ್ವ ನನ್ನ ದುಪಟ್ಟಾದ ತುದಿ ಹಿಡಿದುಕೊಂಡಳು. ನಾನು ಟ್ರ್ಯಾಕ್ಟರಿನ ಹಿಂದೆಯೇ ನಿಧಾನವಾಗಿ ಹೋದೆ. ನನ್ನ ಹಿಂದಿದ್ದ ಕಾರಿನವನು ಹಾರ್ನ್ ಒತ್ತುತ್ತಲೇ ಇದ್ದ.

ರಸ್ತೆ ನೇರವಾದ ಮೇಲೆ ಎಡಕ್ಕೆ ಸರಿದು, ಮುಂದೆ ಹೋಗು ಎಂದು ಅವನಿಗೆ ಕೈ ಮಾಡಿದೆ. ನಿನ್ನ ವಯಸ್ಸಿನವನೇ.

"ಇದ್ಕಿಂತ ನಡಕೊಂಡು ಹೋಗ್ರಿ ಅಕ್ಕಾ!" ಎಂದು ಕೂಗಿದ.

ಅವ್ವ ನನ್ನ ಕಡೆಯ ಕಿಟಕಿಯತ್ತ ಬಾಗಿ, "ಹುಷಾರಾಗಿ ಹೋಗಪಾ, ಮನ್ಯಾಗ ನಿಮ್ಮವ್ವ ಕಾಯ್ತಿರ್ತಾಳ" ಎಂದಳು.

ಅವನಿಗೆ ಕೇಳಿಸಿತೋ ಇಲ್ಲವೋ. ಟ್ರ್ಯಾಕ್ಟರನ್ನೂ ದಾಟಿ ಹೊರಟೇಹೋದ. ಅವನ ಕಾರು ಕಣ್ಮರೆಯಾಗುವವರೆಗೂ ಅವ್ವ ನೋಡುತ್ತಿದ್ದಳು. ಆಮೇಲೆ ದುಪಟ್ಟಾ ಬಿಟ್ಟಳು. ಕಮಲಾಪುರ ದಾಟುವಷ್ಟರಲ್ಲಿ ಸೀಟಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು.

ಅವಳಿಗೆ ಎಚ್ಚರವಾಗದಿರಲಿ ಎಂದು ಹೊಸಪೇಟೆ ಮುಟ್ಟುವವರೆಗೂ ನಾನು ಒಮ್ಮೆಯೂ ಹಾರ್ನ್ ಮಾಡಲಿಲ್ಲ.

ಅನುಸೂಯಾ