ನಾಹಿದಾ ಖೋಲಿ

ನಾಹಿದಾ,

ನಿನ್ನೆ ನಮ್ಮ ಸ್ಪೀಕರಿನ ಆ್ಯಪು ತಾನಾಗಿಯೇ ಅಪ್‌ಡೇಟ್ ಆಯಿತು. ಯಾರು ಕೇಳಿದ್ದರೋ. ದನಿ ಏರಿಸಲು ಮುಟ್ಟಿದರೆ ಹಾಡೇ ನಿಲ್ಲುತ್ತದೆ, ನಾವು ಕೂಡಿಸಿಟ್ಟ ಹಾಡುಗಳು ಎಲ್ಲಿಗೆ ಹೋದವೋ ತಿಳಿಯದು. ಅದನ್ನೆಲ್ಲ ಸಹಿಸಿಕೊಂಡೇನು. ಆದರೆ ಅದರಲ್ಲಿ ನಿನ್ನ ಸ್ಪೀಕರಿಗೆ ಇಟ್ಟಿದ್ದ 'ನಾಹಿದಾ ಖೋಲಿ' ಎಂಬ ಹೆಸರೇ ಅಳಿಸಿಹೋಗಿದೆ.

ಒಂದೇ ಗೋಡೆಯ ಆಚೀಚೆ ನಮ್ಮ ಮಗ್ಗಗಳಿದ್ದಾಗ ಇಬ್ಬರ ಸ್ಪೀಕರನ್ನೂ ಜೋಡಿಸಿ ಒಂದೇ ಹಾಡು ಕೇಳುತ್ತ ನೇಯುತ್ತಿದ್ದೆವಲ್ಲ. ಸೆರಗಿನ ಎಳೆಗಳನ್ನು ಸೀರೆಯ ಒಡಲಿಗೆ ಕೊಂಡಿ ಹಾಕುವ ದಿನ ಮಾತ್ರ ನೀನು ಈಚೆ ಬಂದು ನನ್ನ ಪಕ್ಕ ಕೂರುತ್ತಿದ್ದೆ. ನೀವು ಮನೆ ಖಾಲಿ ಮಾಡಿ ಹುನಗುಂದಕ್ಕೆ ಹೋಗುವ ಹೊತ್ತಿಗೆ ನಮ್ಮ ನಡುವೆ ಮಾತಿಗೆ ಮಾತು ಬೆಳೆದು ತಿಂಗಳಾಗಿತ್ತು. ಸಾಮಾನು ಹೇರುವಾಗಲೂ ಹಾಡು ಗೋಡೆಯ ಎರಡೂ ಕಡೆ ನಡೆದಿತ್ತು, ನಾವಿಬ್ಬರೇ ಮಾತಾಡಲಿಲ್ಲ.

ಆಮೇಲೆ ಆ್ಯಪಿನಲ್ಲಿ ನಿನ್ನ ಹೆಸರು ಬೂದುಬಣ್ಣಕ್ಕೆ ತಿರುಗಿ ಅಲ್ಲೇ ಉಳಿಯಿತು. ದಿನಾ ಹಾಡು ಹಚ್ಚುವಾಗ ಅದನ್ನೂ ಒಮ್ಮೆ ಒತ್ತುತ್ತಿದ್ದೆ. ನಿನಗೆ ಮುಟ್ಟುವುದಿಲ್ಲವೆಂದು ಗೊತ್ತಿತ್ತು.

ನನ್ನ ಮುಖ ನೋಡಿ ನಮ್ಮ ಮನೆಯವರು ಮೊಬೈಲು ತಿರುವಿಹಾಕಿದರು. "ಅಕಿ ಸ್ಪೀಕರ್ ಇಲ್ಲಿ ತಂದು ಹಚ್ಚಿದ್ರಷ್ಟ ಹೆಸರು ಮತ್ತ ಬರ್ತೈತಿ," ಎಂದರು. "ಹುನಗುಂದ ಏನ್ ದೂರ ಐತಿ? ಹೋಗಿ ಅಕಿನ್ನ ಕರಕೊಂಡ ಬಾ."

"ಈಗ ಬಸ್ ಸಿಗಂಗಿಲ್ರಿ," ಎಂದೆ.

ನಮ್ಮ ಮನೆ ಇಳಕಲ್ ಬಸ್ ನಿಲ್ದಾಣದ ಹಿಂದೆಯೇ ಇದೆ, ನಿನಗೆ ಗೊತ್ತಲ್ಲ. ಕಂಡಕ್ಟರ್ "ಹುನಗುಂದ, ಹುನಗುಂದ" ಎಂದು ಕೂಗುತ್ತಿದ್ದುದು ನನಗೂ ಅವರಿಗೂ ಕೇಳಿಸಿತು.